ಕೊಡಗಿನ ಒಂದು ಸಣ್ಣ ಊರಿನ ಚರಿತ್ರೆಯನ್ನು ದಾಖಲಿಸುವುದು ಹೇಗೆ?

ಕೊಡಗಿನಲ್ಲಿ ಮನೆತನದ ಚರಿತ್ರೆ ಬಲ್ಲವರಿಗೆ ಬರವಿಲ್ಲ. ಐನ್‌ಮನೆಯ, ಅಂದರೆ ಮನೆತನದ ಮೂಲ ಮನೆಯ, ನೆಲ್ಲಕ್ಕಿ ನಡುಬಾಡೆಯಲ್ಲಿ (ನಡುಮನೆಯಲ್ಲಿ) ಕುಳಿತು ಮೂಲಪುರುಷನಾದ ಗುರು ಕಾರೋಣನಿಂದ ಹಿಡಿದು ಇಂದಿನ ಮಕ್ಕಳವರೆಗೆ ಹೆಸರು ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ. ಹಲವು ಕೊಡವ ಒಕ್ಕಗಳೂ (ಮನೆತನಗಳೂ) ಅರೆಭಾಷೆ ಗೌಡ ಕುಟುಂಬಗಳೂ ತಮ್ಮ ವಂಶವೃಕ್ಷವನ್ನು ಅಚ್ಚು ಹಾಕಿಸಿಕೊಂಡಿವೆ. ಆದರೆ ಅದೇ ಊರಿನ ಗದ್ದೆ ಬಯಲಿಗೆ ನೀರು ಯಾವ ತೋಡಿನಿಂದ ಬರುತ್ತಿತ್ತು, ದೇವರಕಾಡಿನ ಎಲ್ಲೆ ಹಿಂದೆ ಎಲ್ಲಿಯವರೆಗೆ ಇತ್ತು, ನಾಟಿಗೆ ಯಾರು ಬರುತ್ತಿದ್ದರು, ತೋಟದ ಕಾರ್ಮಿಕರ ಸಾಲುಮನೆಯಾದ ಲೈನ್‌ಮನೆಯಲ್ಲಿ ಯಾವ ಸೀಮೆಯವರು ಇದ್ದರು, ಅವರು ಎಲ್ಲಿಗೆ ಹೋದರು ಎಂದು ಕೇಳಿದರೆ ಸಿಗುವುದು ಚೂರುಪಾರು ಉತ್ತರಗಳು ಮಾತ್ರ. ಒಕ್ಕದ ಚರಿತ್ರೆಗೆ ವಾರಸುದಾರರಿದ್ದಾರೆ, ಇಡೀ ಊರಿನ ಚರಿತ್ರೆಗೆ ಯಾರೂ ಇಲ್ಲ. ಆ ಕೆಲಸವನ್ನು ಕೈಗೆತ್ತಿಕೊಳ್ಳಲು ಬಯಸುವ ನಾಲ್ಕಾರು ಮಂದಿಗಾಗಿ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

ಅವಸರ ಏಕೆ ಎಂಬುದನ್ನು ಕೊಡಗಿನವರಿಗೆ ಹೆಚ್ಚು ವಿವರಿಸಬೇಕಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಜೋಡುಪಾಲ, ಮೊಣ್ಣಂಗೇರಿಯ ಕಡೆ ಗುಡ್ಡಗಳು ಕುಸಿದಾಗ ಮನೆಗಳ ಜೊತೆಗೆ ಟ್ರಂಕು, ಪೆಟ್ಟಿಗೆ, ಹಳೆಯ ಪತ್ರ, ಭಾವಚಿತ್ರಗಳೂ ಮಣ್ಣುಪಾಲಾದವು. ಮರುವರ್ಷವೇ ತೋರದಲ್ಲಿ ಮತ್ತೆ ಬೆಟ್ಟ ಜರಿಯಿತು. ಮನೆ ಕಳೆದುಕೊಂಡವರಲ್ಲಿ ಅನೇಕರು ಈಗ ಕರ್ಣಂಗೇರಿ, ಮದೆನಾಡು, ಜಂಬೂರಿನ ಪುನರ್ವಸತಿ ಬಡಾವಣೆಗಳಲ್ಲಿದ್ದಾರೆ. ಅಕ್ಕಪಕ್ಕದ ಮನೆಯವರು ಬೇರೆ ಬೇರೆ ಕಡೆ ಸೇರಿಕೊಂಡ ಮೇಲೆ ಊರಿನ ನೆನಪನ್ನು ಒಟ್ಟುಗೂಡಿಸುವುದು ಎಷ್ಟು ಕಷ್ಟವೆಂಬುದು ಅವರನ್ನು ಮಾತನಾಡಿಸಿದವರಿಗೆ ಗೊತ್ತು. ಊರು ನೆಲದ ಮೇಲೆ ಇರುವಾಗಲೇ ದಾಖಲಿಸುವುದು ಲೇಸು.

ಮೊದಲು ನೆಲವನ್ನು ಹಿಡಿಯಿರಿ

ಸಾಮಾನ್ಯವಾಗಿ ಎಲ್ಲರೂ ಹಿರಿಯರೊಬ್ಬರ ಮುಂದೆ ಮೊಬೈಲ್ ಇಟ್ಟು "ನಮ್ಮ ಊರಿನ ಕಥೆ ಹೇಳಿ" ಎನ್ನುವುದರಿಂದ ಆರಂಭಿಸುತ್ತಾರೆ. ನನ್ನ ಸಲಹೆ ಬೇರೆ. ಮೊದಲು ಊರಿನ ನಕ್ಷೆಯೊಂದನ್ನು ಸಿದ್ಧಪಡಿಸಿಕೊಳ್ಳಿ. ಕಂದಾಯ ಇಲಾಖೆಯ ಭೂದಾಖಲೆಗಳ ಜಾಲತಾಣದಲ್ಲಿ ಗ್ರಾಮ ನಕಾಶೆಗಳು ದೊರೆಯುತ್ತವೆ. ಸರ್ವೆ ನಂಬರಿನ ಗಡಿಯನ್ನು ಸ್ಥಳದಲ್ಲೇ ನಿಂತು ತಾಳೆ ನೋಡಲು ದಿಶಾಂಕ್ ಆ್ಯಪ್ ನೆರವಾಗುತ್ತದೆ. ಆ ನಕಾಶೆಯನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸಿಕೊಂಡು ಊರಿನವರೊಂದಿಗೆ ನಡೆಯುತ್ತಾ ಒಂದೊಂದು ಗದ್ದೆಯ, ಕೊಲ್ಲಿಯ (ತೊರೆ), ಮೊಟ್ಟೆಯ (ಗುಡ್ಡ), ಬಾಣೆಯ (ಗದ್ದೆಗೆ ಸೇರಿದ ಕಾಡು), ಓಣಿಯ, ಕಡವಿನ (ಹೊಳೆ ದಾಟುವ ಜಾಗ) ಹೆಸರನ್ನು ಪೆನ್ಸಿಲ್‌ನಲ್ಲಿ ಬರೆಯುತ್ತಾ ಹೋಗಿ. ಸರ್ಕಾರದ ಕಾಗದದಲ್ಲಿ ಬರಿಯ ಅಂಕಿಯಾಗಿರುವ ಜಾಗಕ್ಕೆ ಊರಿನ ಬಾಯಲ್ಲಿ ಹೆಸರಿರುತ್ತದೆ, ಆ ಹೆಸರಿನ ಹಿಂದೆ ಒಂದು ಸಂಗತಿ ಇರುತ್ತದೆ. ಗದ್ದೆಗಳನ್ನು ಪಾಳು ಬಿಟ್ಟು, ಕೆಲವೆಡೆ ಅಡಿಕೆ, ಕಾಫಿ, ಶುಂಠಿಗೆ ತಿರುಗಿಸಿರುವುದರಿಂದ ಗದ್ದೆಯ ಹೆಸರುಗಳೇ ಮೊದಲು ಮರೆತುಹೋಗುತ್ತಿವೆ. ನಾಟಿ ಮಾಡಿದವರಿಗಷ್ಟೇ ಅವು ಬಾಯಿಗೆ ಬರುತ್ತವೆ. ಆದ್ದರಿಂದ ಗದ್ದೆಯ ಒಡೆಯರ ಜೊತೆ ನಡೆದಂತೆಯೇ ಆ ಗದ್ದೆಯಲ್ಲಿ ದುಡಿದವರ ಜೊತೆಗೂ ಒಮ್ಮೆ ನಡೆಯಿರಿ. ಎರಡು ಹೆಸರು ಸಿಕ್ಕರೆ ಎರಡನ್ನೂ ಬರೆದುಕೊಳ್ಳಿ. ಕೊಡವ ತಕ್ಕ್, ಅರೆಭಾಷೆ, ಯರವ ನುಡಿ, ತುಳು, ಮಲಯಾಳ ಯಾವುದರಲ್ಲಿ ಹೇಳಿದರೋ ಅದೇ ಉಚ್ಚಾರಣೆಯಲ್ಲಿ ಬರೆಯಿರಿ, ಶಿಷ್ಟ ಕನ್ನಡಕ್ಕೆ ತಿದ್ದಬೇಡಿ.

ಈ ನಡಿಗೆಯಲ್ಲಿ ಕಣ್ಣಿಗೆ ಬೀಳುವ ಮತ್ತೊಂದು ವಸ್ತು ಕಡಂಗ. ನಾಡು ನಾಡುಗಳ ಗಡಿಯಲ್ಲಿ ಹಿಂದಿನವರು ತೋಡಿದ ಈ ಆಳವಾದ ಕಂದಕಗಳ ಅನೇಕ ಭಾಗಗಳು ಇಂದು ಕಾಫಿ ತೋಟಗಳ ಒಳಗಿವೆ. ರಸ್ತೆಗೋ ಹೊಸ ಮನೆಗೋ ಮಣ್ಣು ತೆಗೆಯುವಾಗ ಅವು ಸದ್ದಿಲ್ಲದೆ ಮುಚ್ಚಿಹೋಗುತ್ತವೆ. ಕಡಂಗದ ಎರಡೂ ತುದಿಗಳನ್ನು ನಕ್ಷೆಯಲ್ಲಿ ಗುರುತಿಸಿ, ಅಗಲ ಮತ್ತು ಆಳವನ್ನು ಅಳೆದು ಬರೆದಿಡಿ. ಮಂದ್ (ಹಬ್ಬದ ಕುಣಿತದ ಬಯಲು), ಅಂಬಲ (ಊರವರು ಸೇರುವ ಜಾಗ), ಕೈಮಡ (ಹಿರಿಯರ ಗುಡಿ), ಮಸಣ, ಹಳೆಯ ಗಾಡಿದಾರಿ, ಏಲಕ್ಕಿ ಮಲೆಗೆ ಹೋಗುವ ಕಾಲುದಾರಿ ಇವೆಲ್ಲವೂ ಅದೇ ನಕ್ಷೆಗೆ ಸೇರಬೇಕು.

ಕಂದಾಯದ ಕಡತವನ್ನು ಓದುವ ಬಗೆ

ಕೊಡಗಿನ ಭೂಮಿಯ ಲೆಕ್ಕ ಉಳಿದ ಜಿಲ್ಲೆಗಳಂತಲ್ಲ, ಅದನ್ನು ತಿಳಿಯದೆ ಪಹಣಿ ಓದಿದರೆ ದಾರಿ ತಪ್ಪುತ್ತದೆ. ಸೇವೆಯ ಹೊಣೆಯೊಂದಿಗೆ ವಂಶಪಾರಂಪರ್ಯವಾಗಿ ಬಂದದ್ದು ಜಮ್ಮ. ಅದರ ಕಂದಾಯ ಪೂರ್ಣ ಕಂದಾಯದ ಸಾಗು ಜಮೀನಿನ ಅರ್ಧದಷ್ಟಿತ್ತು. ಗದ್ದೆಗೆ ಹೊಂದಿಕೊಂಡು, ಸೊಪ್ಪು ಸೌದೆ ಮತ್ತು ದನ ಮೇಯಿಸಲು ಬಿಟ್ಟುಕೊಟ್ಟ ಕಾಡು ಬಾಣೆ. ಅರಸರು ಇನಾಮಾಗಿ ಕೊಟ್ಟದ್ದು ಉಂಬಳಿ. ಇವುಗಳ ಜೊತೆಗೆ ದೇವರಕಾಡು, ಊರುಡುವೆ (ಊರಿನ ಸಾಮೂಹಿಕ ಕಾಡು), ಪೈಸಾರಿ (ಸರ್ಕಾರದ ಪಾಳು ಜಮೀನು) ಇವೆ. 1811ರಿಂದ 1820ರವರೆಗೆ ಆಳಿದ ಲಿಂಗರಾಜೇಂದ್ರನ ಕಾಲದಲ್ಲಿ ಊರೂರಿನ ಹಿಡುವಳಿಗಳನ್ನು ಬರೆಸಿದ ಲೆಕ್ಕಕ್ಕೆ ಶಿಸ್ತು ಎನ್ನುತ್ತಾರೆ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೂ ಆ ಲೆಕ್ಕವನ್ನು ಆಧಾರವಾಗಿ ಬಳಸಿದರು. ಮುಂದೆ 1899ರ ಕೊಡಗು ಭೂಕಂದಾಯ ರೆಗ್ಯುಲೇಷನ್ ಬಂತು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ನಂತರ ಕಡತಗಳ ನಮೂನೆಯೂ ಕಚೇರಿಯ ಪದಗಳೂ ಬದಲಾದವು. ನಿಮ್ಮ ಕೈಗೆ ಬಂದ ಕಾಗದ ಈ ಘಟ್ಟಗಳಲ್ಲಿ ಯಾವುದಕ್ಕೆ ಸೇರಿದ್ದು ಎಂಬುದನ್ನು ಮೊದಲು ನಿಶ್ಚಯಿಸಿಕೊಂಡು ಆಮೇಲೆ ಓದಲು ಕುಳಿತುಕೊಳ್ಳಿ.

ಗ್ರಾಮದ ಆಕಾರಬಂದ್ (ಸರ್ವೆ ನಂಬರುಗಳ ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿ), ಟಿಪ್ಪಣಿ (ಅಳತೆಯ ನಕ್ಷೆ), ಮ್ಯುಟೇಷನ್ (ಹಕ್ಕು ಬದಲಾವಣೆ) ವಹಿಗಳನ್ನು ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟು ನಕಲು ಪಡೆಯಬಹುದು. ಚೀಫ್ ಕಮಿಷನರ್ ಕಾಲದ ಕಡತಗಳಿಗಾಗಿ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯಲ್ಲಿ ವಿಚಾರಿಸಬೇಕು. ಅಚ್ಚಾದ ಹಳೆಯ ಗ್ರಂಥಗಳಲ್ಲಿ 1870ರ ರಿಕ್ಟರ್ ಪಾದ್ರಿಯ ಕೈಪಿಡಿ, 1878ರಲ್ಲಿ ಪ್ರಕಟವಾದ ಲೂಯಿಸ್ ರೈಸ್‌ರ ಗೆಜೆಟಿಯರ್, ಕೊಡಗಿನ ಶಾಸನಗಳಿಗೇ ಮೀಸಲಾದ ಎಪಿಗ್ರಾಫಿಯ ಕರ್ನಾಟಿಕದ ಮೊದಲ ಸಂಪುಟ (1886) ಅಂತರ್ಜಾಲದಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ನಿಮ್ಮ ಊರಿನ ಹೆಸರು ಅಲ್ಲಿದೆಯೇ ಎಂದು ನೋಡುವಾಗ ಹಳೆಯ ಕಾಗುಣಿತಗಳನ್ನೂ ಹುಡುಕಿ. ಬಿಳಿಯೂರು ಮತ್ತು ಪೆಗ್ಗೂರಿನ ಗಂಗರ ಕಾಲದ ಶಾಸನಗಳು 9 ಮತ್ತು 10ನೇ ಶತಮಾನದವು ಎಂಬುದನ್ನು ಗಮನಿಸಿದರೆ, ಇಂದು ಬಸ್ಸೂ ಸರಿಯಾಗಿ ಹೋಗದ ಊರಿಗೆ ಸಾವಿರ ವರ್ಷದ ಲಿಖಿತ ದಾಖಲೆ ಇರಬಹುದೆಂಬ ನಂಬಿಕೆ ಹುಟ್ಟುತ್ತದೆ.

ಕಡತಗಳ ಒಂದು ದೊಡ್ಡ ಮಿತಿಯನ್ನು ಮಾತ್ರ ಮರೆಯಬಾರದು. ಜಮ್ಮ ಜಮೀನು ಒಕ್ಕದ ಮುಖ್ಯಸ್ಥನಾದ ಪಟ್ಟೇದಾರನ ಹೆಸರಿನಲ್ಲಿರುತ್ತದೆ. ಆ ಒಂದು ಹೆಸರಿನ ಹಿಂದೆ ಇದ್ದ ತಮ್ಮಂದಿರು, ವಿಧವೆಯರು, ಹೆಣ್ಣುಮಕ್ಕಳು ಕಾಗದದಲ್ಲಿ ಕಾಣುವುದಿಲ್ಲ. ತಲೆಮಾರುಗಳ ಕಾಲ ಜಮೀನಿಗೆ ಕಟ್ಟುಬಿದ್ದು ದುಡಿದ ಕುಟುಂಬಗಳಂತೂ ಎಲ್ಲೂ ಇಲ್ಲ. ಕಡತವನ್ನೇ ನಂಬಿ ಬರೆದ ಊರಿನ ಚರಿತ್ರೆ ಕೆಲವೇ ಗಂಡಸರ ಆಸ್ತಿಯ ಪಟ್ಟಿಯಾಗಿ ಉಳಿಯುತ್ತದೆ.

ಶಾಲೆಯ ದಾಖಲಾತಿ ಪುಸ್ತಕ

ಆ ಕೊರತೆಯನ್ನು ತುಂಬುವ ಅತ್ಯುತ್ತಮ ಆಕರ ಊರಿನ ಸರ್ಕಾರಿ ಪ್ರಾಥಮಿಕ ಶಾಲೆಯ ಹಳೆಯ ದಾಖಲಾತಿ ಪುಸ್ತಕ ಎಂಬುದು ನನ್ನ ದೃಢವಾದ ಅಭಿಪ್ರಾಯ. ಉದ್ದನೆಯ ಹಾಳೆ, ಅಂಚು ಸವೆದ ರಟ್ಟು, ನೀಲಿಯಿಂದ ಕಂದಾದ ಶಾಯಿ. ಮಗುವಿನ ಹೆಸರು, ತಂದೆ ಅಥವಾ ಪೋಷಕರ ಹೆಸರು, ಜಾತಿ, ಕಸುಬು, ವಾಸಸ್ಥಳ, ಹುಟ್ಟಿದ ದಿನ, ಸೇರಿದ ತರಗತಿ, ಬಿಟ್ಟ ದಿನ, ಬಿಟ್ಟ ಕಾರಣ ಎಂಬ ಕಾಲಂಗಳು. ಕೊನೆಯ ಕಾಲಂನ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿ. "ತೋಟ ಬದಲಾವಣೆ", "ದೀರ್ಘ ಗೈರುಹಾಜರಿ", "ವರ್ಗಾವಣೆ" ಎಂಬಂಥ ಎರಡು ಪದಗಳಲ್ಲಿ ಲೈನ್‌ಮನೆಯ ಕುಟುಂಬಗಳ ಓಡಾಟ ತೆರೆದುಕೊಳ್ಳುತ್ತದೆ. ಹೆಣ್ಣುಮಕ್ಕಳು ಯಾವ ತರಗತಿಗೆ ನಿಲ್ಲುತ್ತಿದ್ದರು, ಯಾವ ವರ್ಷದಿಂದ ನಿಲ್ಲುವುದು ಕಡಿಮೆಯಾಯಿತು, ಹಾಡಿಯ (ಆದಿವಾಸಿಗಳ ನೆಲೆಯ) ಮೊದಲ ಮಗು ಶಾಲೆಗೆ ಯಾವಾಗ ಬಂತು ಎಂಬುದನ್ನು ಬೇರೆ ಯಾವ ಪುಸ್ತಕವೂ ಹೇಳಲಾರದು.

ಮುಖ್ಯೋಪಾಧ್ಯಾಯರ ಲಿಖಿತ ಒಪ್ಪಿಗೆ ಪಡೆದು, ಶಾಲೆಯಲ್ಲೇ ಕುಳಿತು, ಪುಸ್ತಕವನ್ನು ಪೂರ್ತಿ ಬಿಡಿಸದೆ ಪುಟಗಳನ್ನು ಚಿತ್ರ ತೆಗೆಯಿರಿ. ಬದುಕಿರುವವರ ಜನ್ಮದಿನ, ಜಾತಿ ಮೊದಲಾದ ವಿವರಗಳನ್ನು ಪ್ರಕಟಿಸುವಂತಿಲ್ಲ. ಅಂಥವನ್ನು ವರ್ಷವಾರು ಒಟ್ಟು ಸಂಖ್ಯೆಯಾಗಿ ಮಾತ್ರ ಬಳಸಿ. ಮಕ್ಕಳಿಲ್ಲದೆ ಮುಚ್ಚಿದ ಶಾಲೆಗಳ ಪುಸ್ತಕಗಳು ಪಕ್ಕದ ಶಾಲೆಗೋ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೋ ಹೋಗಿರುತ್ತವೆ, ಅಲ್ಲಿ ವಿಚಾರಿಸಬೇಕು. ಸಹಕಾರ ಸಂಘದ ನಡಾವಳಿ, ದೇವಸ್ಥಾನದ ಜಮಾಖರ್ಚು, ಗ್ರಾಮ ಪಂಚಾಯಿತಿಯ ಜನನ ಮರಣ ವಹಿ ಇವೂ ಉಪಯುಕ್ತ.

ಹಿರಿಯರನ್ನು ಮಾತನಾಡಿಸುವಾಗ

ನಕ್ಷೆಯೂ ಕಡತದ ನಕಲೂ ಕೈಯಲ್ಲಿದ್ದರೆ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ. "ನಿಮ್ಮ ಕಾಲ ಹೇಗಿತ್ತು?" ಎಂಬ ಪ್ರಶ್ನೆಗೆ "ಚೆನ್ನಾಗಿತ್ತು" ಎಂಬ ಉತ್ತರವಷ್ಟೇ ಬರುತ್ತದೆ. ಅದರ ಬದಲು ಸುಗ್ಗಿ ಹಬ್ಬವಾದ ಹುತ್ತರಿಗೆ ಕದಿರು ತೆಗೆಯಲು ಯಾವ ಗದ್ದೆಗೆ ಹೋಗುತ್ತಿದ್ದಿರಿ, ಮಂದ್‌ನಲ್ಲಿ ಕೋಲಾಟಕ್ಕೆ ಮೊದಲು ಯಾರು ಇಳಿಯುತ್ತಿದ್ದರು, ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಮದ್ದು ಸೊಪ್ಪು ಎಲ್ಲಿಂದ ತರುತ್ತಿದ್ದಿರಿ, ಹೊಳೆ ಏರಿದಾಗ ರೋಗಿಯನ್ನು ಹೇಗೆ ದಾಟಿಸುತ್ತಿದ್ದಿರಿ, ಉಪ್ಪು ಒಣಮೀನು ಯಾವ ದಾರಿಯಿಂದ ಬರುತ್ತಿತ್ತು ಎಂದು ಕೇಳಿ.

ಹಿರಿಯರು ಇಸವಿ ಹೇಳುವುದು ಕಡಿಮೆ. ಅವರಿಗಾಗಿ ಘಟನೆಗಳ ಪಟ್ಟಿಯೊಂದನ್ನು ಮಾಡಿಕೊಂಡು ಹೋಗಿ: ತಂದೆ ತಾಯಿಯಿಂದ ಕೇಳಿದ 1924ರ ದೊಡ್ಡ ಪ್ರವಾಹ, ಕೊಡಗು ಪ್ರತ್ಯೇಕ ರಾಜ್ಯವಾಗಿದ್ದು ಸಿ.ಎಂ. ಪೂಣಚ್ಚನವರು ಮುಖ್ಯಮಂತ್ರಿಯಾಗಿದ್ದ 1952ರಿಂದ 1956ರ ಕಾಲ, ವಿಲೀನ, ಹಾರಂಗಿ ಅಣೆಕಟ್ಟಿನ ಕೆಲಸ, 1974ರ ಭೂಸುಧಾರಣೆ, ಊರಿಗೆ ಕರೆಂಟು ಬಂದದ್ದು, ಮೊದಲ ಬಸ್ಸು. "ಅದಕ್ಕಿಂತ ಮೊದಲೋ ಆಮೇಲೋ" ಎಂದು ಕೇಳುತ್ತಾ ಹೋದರೆ ಎರಡು ಮೂರು ವರ್ಷಗಳ ಅಂತರದೊಳಗೆ ಕಾಲ ಗೊತ್ತಾಗುತ್ತದೆ.

ಯಾರನ್ನು ಮಾತನಾಡಿಸಬೇಕು ಎಂಬಲ್ಲಿಯೇ ಈ ಕೆಲಸದ ಗುಣಮಟ್ಟ ನಿರ್ಧಾರವಾಗುತ್ತದೆ. ತಕ್ಕರು (ಊರಿನ ಮುಖ್ಯಸ್ಥರು), ಪಟ್ಟೇದಾರರು, ನಿವೃತ್ತ ಮೇಷ್ಟ್ರು ಹೇಗೂ ಸಿಗುತ್ತಾರೆ. ದೇವರ ಉತ್ಸವದಲ್ಲಿ ವಾದ್ಯ ನುಡಿಸುವವರು, ತೆರೆ ಕಟ್ಟುವವರು (ದೈವದ ವೇಷ ಧರಿಸುವವರು), ಬಡಗಿ ಕಮ್ಮಾರರ ಕೆಲಸ ಮಾಡಿದ ಐರಿಗಳು, ಯರವ ಮತ್ತು ಕುರುಬ ಹಾಡಿಗಳ ಹಿರಿಯರು, ಕುಡಿಯರು, ಜಮ್ಮಾ ಮಾಪಿಳ್ಳೆ ಕುಟುಂಬಗಳು, ಒಂದು ಕಾಲದಲ್ಲಿ ಕೂಲಿಗೆ ಬಂದು ಇಲ್ಲೇ ನೆಲೆಸಿದ ತಮಿಳು, ಮಲಯಾಳಿ, ತುಳು ಮನೆಗಳು ಇವರೆಲ್ಲರ ಬಳಿಗೂ ಅಷ್ಟೇ ಗೌರವದಿಂದ, ಅಷ್ಟೇ ಸಮಯ ಇಟ್ಟುಕೊಂಡು ಹೋಗಬೇಕು. ಹೆಂಗಸರ ವಿಷಯದಲ್ಲಿ ಇನ್ನೊಂದು ಮಾತಿದೆ. ಈ ಊರಿನಲ್ಲಿ ಬಾಲ್ಯ ಕಳೆದ ಅಜ್ಜಿಯರು ಮದುವೆಯಾಗಿ ಬೇರೆ ನಾಡುಗಳಲ್ಲಿದ್ದಾರೆ, ಈಗ ಇಲ್ಲಿರುವ ಅಜ್ಜಿಯರ ಬಾಲ್ಯ ಇನ್ನೊಂದು ಊರಿನದು. ಊರು ಬಿಟ್ಟು ಹೋದ ಹೆಣ್ಣುಮಕ್ಕಳ ಪಟ್ಟಿ ಮಾಡಿ, ಅವರಿರುವಲ್ಲಿಗೇ ಹೋಗಿ. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಬಿಟ್ಟು ಹೋದ ತವರಿನ ಚಿತ್ರ ಅವರಲ್ಲಿ ಆ ಕಾಲದಲ್ಲಿ ಇದ್ದ ಹಾಗೆಯೇ ಉಳಿದಿರುತ್ತದೆ. ಇಲ್ಲೇ ಇದ್ದವರ ನೆನಪಿನಲ್ಲಿ ಹಳೆಯದರ ಮೇಲೆ ಹೊಸತು ಕೂತುಬಿಟ್ಟಿರುತ್ತದೆ.

ಮಾತು ಆರಂಭಿಸುವ ಮೊದಲು ಒಪ್ಪಿಗೆ ಕೇಳಿ, ಆ ಒಪ್ಪಿಗೆಯನ್ನು ಧ್ವನಿಯಲ್ಲೇ ದಾಖಲಿಸಿ; ಇದನ್ನು ಮುಂದೆ ಯಾರು ಕೇಳಬಹುದು, ಯಾವ ಭಾಗ ಯಾರಿಗೂ ಬೇಡ ಎಂಬುದನ್ನೂ ಕೇಳಿಕೊಳ್ಳಿ. ಜೀತ, ಜಾತಿ, ಪಾಲುಪಟ್ಟಿ, ಕೋರ್ಟು ವ್ಯಾಜ್ಯದ ಮಾತು ಬಂದೇ ಬರುತ್ತದೆ. ಅದನ್ನು ಅಲ್ಲಿಯೇ ತಡೆಯಬೇಡಿ, ಹಾಗೆಂದು ಮರುದಿನವೇ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲೂಬೇಡಿ. ಒಂದೇ ಘಟನೆಯನ್ನು ಎರಡು ಮನೆಯವರು ಎರಡು ರೀತಿ ಹೇಳಿದರೆ ಎರಡನ್ನೂ ಅವರವರ ಮಾತಿನಲ್ಲೇ ಉಳಿಸಿ.

ಕಲ್ಲು, ಕಾಡು, ಗುಡಿ

ತೋಟದ ಮೂಲೆಯಲ್ಲಿ ಓರೆಯಾಗಿ ನಿಂತ ಕೊಲ್ಲೆಕಲ್ಲು (ವೀರಗಲ್ಲು) ಕಂಡರೆ ಅದನ್ನು ಎತ್ತಿ ದೇವಸ್ಥಾನದ ಅಂಗಳಕ್ಕೋ ಮನೆಗೋ ತರುವ ಉತ್ಸಾಹ ಬೇಡ. ಕಲ್ಲು ನಿಂತ ಜಾಗವೇ ಅರ್ಧ ಚರಿತ್ರೆ. ಅಕ್ಷರದ ಮೇಲೆ ಸೀಮೆಸುಣ್ಣ, ಅರಿಸಿನ, ಎಣ್ಣೆ ಬಳಿಯಬಾರದು, ತಂತಿ ಬ್ರಷ್‌ನಿಂದ ಪಾಚಿ ಉಜ್ಜಬಾರದು. ಮೆತ್ತನೆಯ ಬ್ರಷ್‌ನಿಂದ ಸಡಿಲ ಮಣ್ಣನ್ನು ಸರಿಸಿ, ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ತಗುಲುವಷ್ಟು ಓರೆಯಾಗಿ ಹಿಡಿದು, ಎಡ, ಬಲ, ಮೇಲು, ಕೆಳಗು ನಾಲ್ಕು ಕಡೆಯಿಂದ ಬೆಳಕು ಬೀಳಿಸಿ ಚಿತ್ರ ತೆಗೆಯಿರಿ. ಹಗಲಿನಲ್ಲಿ ಬರಿಯ ಗೀರಾಗಿ ಕಂಡದ್ದು ಅಕ್ಷರವೋ ಕತ್ತಿಯ ಹಿಡಿಯೋ ಆಗಿ ಎದ್ದು ಬರುತ್ತದೆ. ಚಿತ್ರದಲ್ಲಿ ಒಂದು ಅಳತೆಪಟ್ಟಿ ಇರಲಿ. ಓದಲು ಬಾರದ ಲಿಪಿಯಾದರೆ ಮಡಿಕೇರಿ ಕೋಟೆಯೊಳಗಿನ ಸರ್ಕಾರಿ ವಸ್ತುಸಂಗ್ರಹಾಲಯದವರನ್ನು ಅಥವಾ ವಿಶ್ವವಿದ್ಯಾಲಯಗಳ ಶಾಸನತಜ್ಞರನ್ನು ಸಂಪರ್ಕಿಸಿ.

ಕೊಡಗಿನಲ್ಲಿ ದೇವರಕಾಡುಗಳ ಸಂಖ್ಯೆ ಸಾವಿರದ ಇನ್ನೂರನ್ನು ಮೀರುತ್ತದೆ, ಅಂದರೆ ನಿಮ್ಮ ಊರಿನಲ್ಲೂ ಒಂದು ಇರುವುದು ಬಹುಮಟ್ಟಿಗೆ ಖಚಿತ. ಅದರ ಒಳಗೆ ಹೋಗಲು ಕಟ್ಟುಪಾಡಿದ್ದರೆ ಅದಕ್ಕೆ ತಲೆಬಾಗಿ, ಹೊರಗಿನಿಂದ ಎಲ್ಲೆ ಗುರುತಿಸಿ. ಅಯ್ಯಪ್ಪನ ಬನಗಳಲ್ಲಿ ಹರಕೆಯಾಗಿ ಒಪ್ಪಿಸಿದ ಮಣ್ಣಿನ ನಾಯಿಗಳ ಸಾಲು ಇರುತ್ತದೆ: ಕೆಲವಕ್ಕೆ ಕಿವಿ ಮುರಿದಿರುತ್ತದೆ, ಕೆಲವು ಅರ್ಧ ಮಣ್ಣಿನಲ್ಲಿ ಹೂತಿರುತ್ತವೆ, ಕೆಳಗಿನವು ಪಾಚಿ ಹಿಡಿದು ಕಪ್ಪಾಗಿದ್ದರೆ ಮೇಲಿನವು ಇನ್ನೂ ಕೆಂಪಗಿರುತ್ತವೆ. ಅವನ್ನು ಮುಟ್ಟದೆ, ಸರಿಪಡಿಸದೆ, ಇದ್ದಲ್ಲೇ ಚಿತ್ರ ತೆಗೆದು, ಅವನ್ನು ಮಾಡಿಕೊಡುತ್ತಿದ್ದ ಕುಂಬಾರ ಮನೆ ಯಾವುದೆಂದು ವಿಚಾರಿಸಿ. ಒಂದು ಹರಕೆಯ ನಾಯಿಯಿಂದ ಊರಿನ ಕಸುಬಿನ ಚರಿತ್ರೆಯ ಒಂದು ಅಧ್ಯಾಯ ಸಿಕ್ಕಿಬಿಡಬಹುದು. ಗುಡಿಗೆ ಜೀರ್ಣೋದ್ಧಾರ ನಿಶ್ಚಯವಾಗಿದ್ದರೆ ಕೆಲಸ ಶುರುವಾಗುವ ಮೊದಲೇ ಹಳೆಯ ಕಟ್ಟಡದ ಪ್ರತಿ ಕಂಬ, ತೊಲೆ, ಬಾಗಿಲುವಾಡವನ್ನು ದಾಖಲಿಸಿ. ಟೈಲ್ಸ್ ಹಾಕಿದ ಮೇಲೆ ಮಾಡಲು ಏನೂ ಉಳಿಯುವುದಿಲ್ಲ. ಐನ್‌ಮನೆಗೂ ಇದೇ ಮಾತು ಅನ್ವಯಿಸುತ್ತದೆ: ಕಯ್ಯಾಲೆಯ (ಜಗಲಿಯ) ಐಮರದ, ಅಂದರೆ ಕೂರುವ ಅಗಲವಾದ ಹಲಗೆಯ ಅಗಲ, ಕಂಬದ ಕೆತ್ತನೆ, ಒಳ ಅಂಗಳದ ಅಳತೆ ಎಲ್ಲವನ್ನೂ ಕಾಗದದಲ್ಲಿ ನಕ್ಷೆಯಾಗಿ ಬರೆಸಿಡಿ.

ಮಳೆಗಾಲದಿಂದ ಕಾಗದವನ್ನು ಉಳಿಸುವುದು

ಹಿಂದಿನವರು ತಾಳೆಗರಿ ಮತ್ತು ಪತ್ರಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು, ಹೊಗೆ ಮತ್ತು ಬಿಸಿ ಅವನ್ನು ಕಾಯುತ್ತಿತ್ತು. ಗ್ಯಾಸ್ ಒಲೆ ಬಂದ ಮೇಲೆ ಆ ರಕ್ಷಣೆ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಾಡಿನಲ್ಲಿ ಕಬ್ಬಿಣದ ಬೀರುವಿನೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಕಾಗದ ಬೂಷ್ಟು ಹಿಡಿಯುವುದು ನಿಶ್ಚಿತ. ಕಾಗದಗಳನ್ನು ಬೇಸಿಗೆಯಲ್ಲಿ, ಜನವರಿಯಿಂದ ಮಾರ್ಚ್ ಒಳಗೆ ಬಿಡಿಸಿ, ನೆರಳಿನಲ್ಲಿ ಗಾಳಿಗೆ ಹರಡಿ, ಬಿಸಿಲಿಗೆ ಒಡ್ಡಬೇಡಿ. ಪಿನ್ನು, ಕ್ಲಿಪ್ಪು, ರಬ್ಬರ್ ಬ್ಯಾಂಡ್ ತೆಗೆದುಹಾಕಿ. ಆಮ್ಲರಹಿತ ಕಾಗದದಲ್ಲಿ, ಅದು ಸಿಗದಿದ್ದರೆ ಚೆನ್ನಾಗಿ ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲ ಮತ್ತು ಹೊರಗೋಡೆಯಿಂದ ದೂರವಿರುವ ಮರದ ಕಪಾಟಿನಲ್ಲಿ ಇಡಿ. ಸಿಲಿಕಾ ಜೆಲ್ ಚೀಲಗಳನ್ನು ಇಟ್ಟರೆ ಮಳೆಗಾಲದಲ್ಲಿ ಆಗಾಗ ಬಿಸಿ ಮಾಡಿ ಒಣಗಿಸಬೇಕು. ಹರಿದ ಪತ್ರಕ್ಕೆ ಸೆಲ್ಲೋಟೇಪ್ ಅಂಟಿಸುವುದು, ಹಳೆಯ ಪತ್ರವನ್ನು ಲ್ಯಾಮಿನೇಷನ್ ಮಾಡಿಸುವುದು ಎರಡೂ ಸರಿಪಡಿಸಲಾಗದ ಹಾನಿ. ಕಾಳಜಿಯಿಂದಲೇ ಜನ ಇದನ್ನು ಮಾಡುತ್ತಾರೆಂಬುದು ಹೆಚ್ಚು ನೋವಿನ ಸಂಗತಿ.

ತಾಳೆಗರಿಯನ್ನು ಬಲವಂತವಾಗಿ ಬಿಡಿಸಬಾರದು, ನೀರು ತಗುಲಿಸಬಾರದು. ಅದು ತಜ್ಞರ ಕೆಲಸ.

ಮೂಲವನ್ನು ಮನೆಯವರಿಂದ ಕಸಿದು ಒಂದೆಡೆ ಸೇರಿಸುವ ಅಗತ್ಯವಿಲ್ಲ. ಮನೆಯಲ್ಲೇ ಚಿತ್ರ ತೆಗೆದು ಮೂಲವನ್ನು ಅಲ್ಲೇ ಬಿಟ್ಟು ಬನ್ನಿ, ವಿಶ್ವಾಸ ಬೆಳೆಯುತ್ತದೆ. ಭಾವಚಿತ್ರಗಳನ್ನು ಸ್ಕ್ಯಾನರ್‌ನಲ್ಲಿ 600 ಡಿಪಿಐಗೆ, ಬರಹಗಳನ್ನು 300 ಡಿಪಿಐಗೆ ಮಾಡಿದರೆ ಸಾಕು. ಧ್ವನಿಯನ್ನು ವೇವ್ ಕಡತವಾಗಿ ಇಡಿ. ಪ್ರತಿ ಕಡತದ ಹೆಸರು ಇಸವಿ, ತಿಂಗಳು, ದಿನದಿಂದ ಆರಂಭವಾಗಲಿ, ಮುಂದೆ ಮನೆ ಮತ್ತು ವಸ್ತುವಿನ ಹೆಸರು ಬರಲಿ. ಚಿತ್ರದಲ್ಲಿರುವವರು ಎಡದಿಂದ ಬಲಕ್ಕೆ ಯಾರು ಯಾರು, ಗುರುತು ಹೇಳಿದವರು ಯಾರು ಎಂಬುದನ್ನು ಅದೇ ದಿನ ಬರೆಯದಿದ್ದರೆ ಆ ಚಿತ್ರ ಬರಿಯ ಹಳೆಯ ಚಿತ್ರವಾಗಿ ಉಳಿಯುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಕೊಡಗಿನಾಚೆ ಎಂಬ ನಿಯಮ ಪಾಲಿಸಿ. 2018ರ ಅನುಭವದ ನಂತರ ಎಲ್ಲ ಪ್ರತಿಗಳನ್ನೂ ಒಂದೇ ಬೆಟ್ಟದ ತಪ್ಪಲಲ್ಲಿ ಇಡುವುದು ವಿವೇಕವಲ್ಲ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಊರಿನ ಮಕ್ಕಳ ಬಳಿ ಒಂದು ಹಾರ್ಡ್ ಡಿಸ್ಕ್ ಇರಲಿ.

ಬರೆಯುವುದು, ಒಪ್ಪಿಸುವುದು

ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಹಾಡು, ಆಚಾರ, ಗಾದೆಗಳನ್ನು ಸಂಗ್ರಹಿಸಿ 1924ರಲ್ಲಿ ಪಟ್ಟೋಲೆ ಪಳಮೆಯನ್ನು ಹೊರತಂದರು. ಇಂದು ಕೊಡವ ಸಂಸ್ಕೃತಿಯ ಬಗ್ಗೆ ಬರೆಯುವ ಯಾರೂ ಅದನ್ನು ಬದಿಗಿಡಲಾರರು. ವಿದ್ವಾಂಸರೇ ಬಂದು ಮಾಡಲಿ ಎಂದು ಕಾಯುತ್ತಿರುವವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಬರೆಯುವಾಗ ಅರಸರಿಂದ ಆರಂಭಿಸಬೇಡಿ. ಹಾಲೇರಿ ಅರಸರ ಚರಿತ್ರೆ ಬೇರೆಡೆ ಧಾರಾಳವಾಗಿ ಸಿಗುತ್ತದೆ. ನಿಮ್ಮ ಊರಿನ ನೀರು, ಗದ್ದೆ, ದಾರಿಗಳಿಂದ ಆರಂಭಿಸಿ, ಅರಸನ ಆಜ್ಞೆಯೋ ಬ್ರಿಟಿಷರ ಕಾನೂನೋ 1854ರ ನಂತರ ಹಬ್ಬಿದ ಕಾಫಿ ತೋಟವೋ ಊರಿನ ನೆಲವನ್ನು ಮುಟ್ಟಿದಲ್ಲಿ ಮಾತ್ರ ಅವನ್ನು ತನ್ನಿ. ಪ್ರತಿ ಹೇಳಿಕೆಗೂ ಅದು ಕಡತದಿಂದ ಬಂದದ್ದೋ, ಕಲ್ಲಿನಿಂದಲೋ, ಯಾರ ಬಾಯಿಂದಲೋ ಎಂಬ ಗುರುತು ಪಕ್ಕದಲ್ಲೇ ಇರಲಿ. ಕರಡನ್ನು ಮಂದ್‌ನಲ್ಲೋ ಶಾಲೆಯ ಜಗಲಿಯಲ್ಲೋ ಊರಿನವರ ಮುಂದೆ ಗಟ್ಟಿಯಾಗಿ ಓದಿ, ತಿದ್ದುಪಡಿಗಳನ್ನು ಬರೆದುಕೊಳ್ಳಿ; ಓದಲು ಬಾರದವರಿಗೆ ಆಕ್ಷೇಪಿಸುವ ಅವಕಾಶ ಸಿಗುವುದು ಆ ಒಂದೇ ದಿನ.

ಅಚ್ಚಾದ ಪ್ರತಿಯನ್ನು ಊರಿನ ಶಾಲೆ, ಗ್ರಾಮ ಪಂಚಾಯಿತಿ ಗ್ರಂಥಾಲಯ, ಮಡಿಕೇರಿಯ ಜಿಲ್ಲಾ ಗ್ರಂಥಾಲಯಕ್ಕೆ ಕೊಡಿ. ಮಾತುಗಳು ಕೊಡವ ತಕ್ಕ್‌ನಲ್ಲಿದ್ದರೆ ಕೊಡವ ಸಾಹಿತ್ಯ ಅಕಾಡೆಮಿಗೂ, ಅರೆಭಾಷೆಯಲ್ಲಿದ್ದರೆ ಅರೆಭಾಷೆ ಅಕಾಡೆಮಿಗೂ ಪುಸ್ತಕದ ಜೊತೆಗೆ ಧ್ವನಿಮುದ್ರಣದ ಪ್ರತಿಯನ್ನು, ಮಾತನಾಡಿದವರ ಒಪ್ಪಿಗೆಯಿದ್ದಷ್ಟು ಭಾಗವನ್ನು ಮಾತ್ರ, ಒಪ್ಪಿಸಿ ಸ್ವೀಕೃತಿ ಪತ್ರ ಪಡೆಯಿರಿ. ಮಾತನಾಡಿದ ಪ್ರತಿ ಮನೆಗೂ, ಹಾಡಿ ಮತ್ತು ಲೈನ್‌ಮನೆಗಳೂ ಸೇರಿದಂತೆ, ಒಂದೊಂದು ಪುಸ್ತಕವನ್ನು ಬೆಲೆಯಿಲ್ಲದೆ ಮುಟ್ಟಿಸಲು ಮುದ್ರಣದ ಲೆಕ್ಕ ಹಾಕುವಾಗಲೇ ಅಷ್ಟು ಪ್ರತಿಗಳನ್ನು ತೆಗೆದಿಡಿ.